ಡಾಂಬರು ಮುಟ್ಟದ ದಾರಿ

ಅವರ ಶ್ರದ್ಧಾಂಜಲಿ ಸಭೆಗೆ ಮಂಡಕ್ಕಿ ಸುಸಲಾ ಮತ್ತು ಮಿರ್ಚಿ ಭಜಿ ಮಾಡಿಸಿದ್ದರು. ತಿಂದಾದ ಮೇಲೆ ತಟ್ಟೆಗಳನ್ನು ಕಾಲುವೆಗೆ ಎಸೆದರು. ತೀರಿಕೊಂಡ ನನ್ನ ಗೆಳೆಯರ ಬಗ್ಗೆ ನಾನು ಬರೆಯಬೇಕೆಂದಿದ್ದುದೆಲ್ಲ ಈ ಎರಡು ವಾಕ್ಯಗಳಲ್ಲಿ ಮುಗಿದುಹೋಗಿದೆ. ಇಲ್ಲಿಗೇ ಪೆನ್ನಿನ ಟೊಪ್ಪಿಗೆ ಹಾಕಬಹುದಿತ್ತು. ಆದರೆ ದೊಡ್ಡವರ ಬಗ್ಗೆ ನಾಲ್ಕು ಪುಟವಾದರೂ ಬರೆಯಬೇಕೆಂಬುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಪದ್ಧತಿ ಮುರಿಯುವ ವಯಸ್ಸು ನನ್ನದಲ್ಲ.

ಚಿತ್ತಾಪುರದ ಹೊರಗೆ, ಕಾಳಗಿ ಕಡೆಯಿಂದ ಬರುವ ಕಾಲುವೆ ಸಣ್ಣದಾಗುತ್ತ ಆಗುತ್ತ, ಇನ್ನು ಅದನ್ನು ಕಾಲುವೆ ಎಂದು ಕರೆಯಲು ನಾಚಿಕೆಯಾಗುವ ಒಂದು ಜಾಗವಿದೆ. ಅಲ್ಲಿ ಎರಡು ಜಾಲಿಮರಗಳಿಗೆ ಮೊಳೆ ಹೊಡೆದು ಫ್ಲೆಕ್ಸ್ ಕಟ್ಟಿದ್ದರು. ‘ಪರಿಸರ ಪ್ರೇಮಿಗೆ ನಮನ’ ಎಂದು ಬರೆದಿತ್ತು. ಅದರಲ್ಲಿ ಅವರ ಫೋಟೋ ಇತ್ತು, ಹುಡುಕಿದರೆ ಸಿಗುತ್ತಿತ್ತು. ದೊಡ್ಡ ಫೋಟೋ ಸಮಾರಂಭದ ರೂವಾರಿ ಶರಣುವಿನದು. ಈ ಶರಣು ನಮ್ಮಿಬ್ಬರ ಹಳೆಯ ವಿದ್ಯಾರ್ಥಿ. ಈಗ ಜಮೀನು ಕೊಡಿಸುವ, ಬಿಡಿಸುವ, ಸಂದರ್ಭ ಕೂಡಿಬಂದರೆ ಕಸಿಯುವ ಉದ್ಯಮದಲ್ಲಿದ್ದಾನೆ.

“ಸರ್ರ, ನೀವು ಅವರ ಖಾಸಾ ದೋಸ್ತ. ಜಾಥಾದಾಗ ನೀವೇ ಮುಂದಿರ್ಬೇಕು,” ಎಂದು ನನ್ನ ಕೊರಳಿಗೊಂದು ಶಾಲು ಹಾಕಿದ. “ಅವರು ಬರದಿದ್ದ ಹಳದಿ ಬಾಣ ಅವಲ್ರಿ, ಅವನ್ನ ಹಿಡಕೊಂಡು ಸೈಕಲ್ ಹೊಡಕೋತ ಹೋಗೂದು. ಬಾಣ ಎಲ್ಲಿ ಮುಗೀತದೋ ಅಲ್ಲೇ ಭಾಷಣ. ಅವರ ಹೆಸರಿನ ಸೈಕಲ್ ಪಥ ಅಂತ ಸಾರಿಬಿಡೂದು. ಟೈಲ್ಸ್ ಹಾಕ್ಸೂದು, ಲೈಟ್ ಹಾಕ್ಸೂದು, ಕೊನೀಗಿ ಒಂದು ಸೆಲ್ಫಿ ಪಾಯಿಂಟ್.”

“ಟೈಲ್ಸ್ ಯಾಕೋ?”

“ಸ್ವಚ್ಛ ಕಾಣ್ತದಲ್ರಿ! ಸರ್‌ಗಿ ಸ್ವಚ್ಛ ಅಂದ್ರ ಭಾಳ ಪ್ರೀತಿ.”

ಅವರು ತಮ್ಮ ಕೊನೆಯ ವರ್ಷಗಳನ್ನು ಸವೆಸಿದ್ದೇ ಆ ದಾರಿಯನ್ನು ಟೈಲ್ಸಿನಿಂದ, ಲೈಟಿನಿಂದ, ಮುಖ್ಯವಾಗಿ ಶರಣುವಿನಿಂದ ದೂರ ಇಡುವುದಕ್ಕೆ. ಅದನ್ನು ಶರಣುವಿಗೆ ಹೇಳುವುದು ಹೇಗೆ? ನಾನು ಶಾಲು ಸರಿಪಡಿಸಿಕೊಂಡೆ. ಒಂದು ತಟ್ಟೆ ಅರ್ಧ ಭಜಿಯ ಸಮೇತ ನನ್ನ ಕಾಲ ಬಳಿಯಿಂದ ಹಾರಿ ನೀರಿಗೆ ಬಿತ್ತು, ತೇಲಿತು, ಸತ್ತ ಕೋಳಿಯ ಪುಕ್ಕಗಳ ಗುಂಪನ್ನು ಸೇರಿಕೊಂಡು ಅಲ್ಲೇ ಸಂಸಾರ ಹೂಡಿತು.

ಅವರಿದ್ದಿದ್ದರೆ ಏನೂ ಅನ್ನುತ್ತಿರಲಿಲ್ಲ. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಳ್ಳುತ್ತಿದ್ದರು. ಅವರ ಹೇಸಿಗೆಯ ಪರಾಕಾಷ್ಠೆ ಅದು. ಗೋಡೆಯ ಮೇಲಿನ ಎಲೆ ಅಡಿಕೆ ಉಗುಳಿಗೆ ‘ಛೀ’ ಸಾಕಾಗುತ್ತಿತ್ತು. ಹೋಟೆಲಿನವನು ಟೇಬಲ್ ಒರೆಸಿದ ಬಟ್ಟೆಯಲ್ಲೇ ಗ್ಲಾಸು ಒರೆಸಿದರೆ ‘ಹೇಸಿಗಿ’ ಎಂಬ ಮಾತು ಬರುತ್ತಿತ್ತು, ಅದೂ ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ. ಮಾತಿಗೆ ನಿಲುಕದ್ದೇನಾದರೂ ಕಂಡರೆ ಮಾತ್ರ ಕರವಸ್ತ್ರ ಮೂಗಿನಿಂದ ಇಳಿದು ಜೇಬಿಗೆ ಹೋಗುತ್ತಿತ್ತು. ಇನ್ನು ಮೂಗು ಮುಚ್ಚಿ ಪ್ರಯೋಜನವಿಲ್ಲ ಎಂಬರ್ಥದಲ್ಲಿ.

ಚಿತ್ತಾಪುರದ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ, ನಾನು ಇತಿಹಾಸ. ಇಬ್ಬರೂ ವಾಡಿಯಲ್ಲಿ ಮನೆ ಮಾಡಿಕೊಂಡಿದ್ದೆವು. ಅವರ ಪ್ರಯೋಗಾಲಯದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಆ ಪ್ರಸಿದ್ಧ ಅನಿಲ ತಯಾರಾಗುವ ದಿನ ನಾವೆಲ್ಲ ಕಾರಿಡಾರಿನಲ್ಲಿ ಓಡುತ್ತಿದ್ದೆವು. ಅವರು ಮಾತ್ರ ಮಲ್ಲಿಗೆ ತೋಟದಲ್ಲಿ ನಿಂತಂತೆ ನಿಂತಿರುತ್ತಿದ್ದರು. ಕೇಳಿದರೆ, “ಆ ವಾಸನಿ ಆ ಗ್ಯಾಸಿನ ಧರ್ಮ. ಅದರ ಧರ್ಮ ಅದು ಪಾಲಿಸ್ತದ. ನಮ್ಮ ಸ್ಟಾಫ್ ರೂಮಿನ ವಾಸನಿ ಯಾರ ಧರ್ಮರಿ?” ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗೆ ಗೆಳೆಯರು ಕಡಿಮೆ. ನಾನಿದ್ದೆ, ಯಾಕೆಂದರೆ ನನ್ನ ಮೇಜಿನ ಮೇಲೆ ಯಾವ ತಿಂಡಿಯ ಪೊಟ್ಟಣವೂ ಇರುತ್ತಿರಲಿಲ್ಲ. ಸ್ನೇಹಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಹುಟ್ಟಿದ್ದನ್ನು ಇತಿಹಾಸ ದಾಖಲಿಸಿದೆ.

ಅವರು ಹುಟ್ಟಿದ್ದು ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಪುಡಿಯಲ್ಲಿ. ಮದುವೆಯಾದದ್ದು ಸೇಡಂನಲ್ಲಿ. ಬಾಳಿದ್ದು ವಾಡಿಯ ಸಿಮೆಂಟು ಕಾರ್ಖಾನೆಯ ಧೂಳಿನಲ್ಲಿ. ಹೇಸಿಗೆ ಪಟ್ಟುಕೊಳ್ಳುವ ಮನುಷ್ಯ ಆಯ್ದುಕೊಳ್ಳಬಾರದ ಭೂಗೋಳ ಇದು. ನಮ್ಮಲ್ಲಿ ಬಿಳಿ ಬಟ್ಟೆ ಒಣಹಾಕಿದರೆ ಸಂಜೆಗೆ ಬೂದು ಬಟ್ಟೆ ಸಿಗುತ್ತದೆ. ತೊಗರಿ ಗಿಡಗಳು ವಿಭೂತಿ ಬಳಿದುಕೊಂಡ ಜಂಗಮರಂತೆ ಹೊಲದಲ್ಲಿ ನಿಂತಿರುತ್ತವೆ. ನಾನು ಇದನ್ನೆಂದೂ ದೂರಿದವನಲ್ಲ. ಒಮ್ಮೆ ಅವರು ಧೂಳು, ಧೂಳು ಎಂದಾಗ, “ನನಗೇನೂ ಅನ್ನಿಸೋದಿಲ್ಲಪ್ಪ, ವಾಸನಿ ಸೈತ ಬರಂಗಿಲ್ಲ” ಎಂದೆ. ಅವರು ನನ್ನನ್ನು ರೋಗಿಯನ್ನು ನೋಡುವಂತೆ ನೋಡಿದರು.

“ನಿಮಗ ವಾಸನಿ ಬರಂಗಿಲ್ಲ ಅಂದ್ರ ವಾಸನಿ ಇಲ್ಲಂತಲ್ಲರಿ. ನಿಮ್ಮ ಮೂಗು ರಾಜೀನಾಮಿ ಕೊಟ್ಟದ. ಅದು ಕೊಟ್ಟಿದ್ದು ನಿಮಗ ಗೊತ್ತಾಗಿಲ್ಲ, ಅಷ್ಟ.”

ನಿವೃತ್ತಿಯಾದ ವರ್ಷ ಅವರು ಹೈದರಾಬಾದಿನಿಂದ ಒಂದು ಸೈಕಲ್ ತರಿಸಿದರು. ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಗೆ ಬಾಗಿತ್ತು, ಗಾಲಿ ದಪ್ಪ, ಮೈ ತೆಳ್ಳಗೆ. ಗರಸಿನ, ಅಂದರೆ ಜಲ್ಲಿಮಣ್ಣಿನ, ದಾರಿಗೆಂದೇ ಮಾಡಿದ ಜಾತಿಯಂತೆ. ಅದರ ಬೆಲೆಯ ಸುದ್ದಿ ವಾಡಿಯಲ್ಲಿ ಹಬ್ಬಿದಾಗ ಜನ ನೋಡಲು ಬಂದರು. ಸುತ್ತು ಹಾಕಿದರು, ಗಂಟೆ ಹುಡುಕಿದರು, ಇರಲಿಲ್ಲ.

“ಸರ್ರ, ಇದಕ್ಕ ಸ್ಟ್ಯಾಂಡ್ ಇಲ್ಲೇನ್ರಿ?”

“ಇಲ್ಲ.”

“ಕ್ಯಾರಿಯರ್?”

“ಇಲ್ಲ.”

“ಇಷ್ಟು ರೊಕ್ಕಾ ತಗೊಂಡು ಒಂದು ಸ್ಟ್ಯಾಂಡ್ ಸೈತ ಕೊಟ್ಟಿಲ್ಲಂದ್ರ ನಿಮಗ ಮೋಸ ಆಗ್ಯಾದ್ರಿ,” ಎಂದು ಊರು ಒಮ್ಮತದಿಂದ ತೀರ್ಪು ಕೊಟ್ಟು ಹೊರಟುಹೋಯಿತು.

ಸ್ಟ್ಯಾಂಡ್ ಇಲ್ಲದ ಸೈಕಲ್ಲನ್ನು ಎಲ್ಲಿಯಾದರೂ ಒರಗಿಸಬೇಕು. ಒರಗಿಸಲು ಅವರಿಗೆ ಶುದ್ಧವಾದ ಗೋಡೆ ಬೇಕು. ಅಂಥ ಗೋಡೆ ನಾಲ್ಕು ತಾಲೂಕಿನಲ್ಲಿ ಇರಲಿಲ್ಲವಾಗಿ, ಎಲ್ಲಿ ನಿಂತರೂ ಅದನ್ನು ಕೈಯಲ್ಲಿ ಹಿಡಿದೇ ನಿಲ್ಲುತ್ತಿದ್ದರು, ಮದುಮಗ ಕುದುರೆಯ ಲಗಾಮು ಹಿಡಿದಂತೆ. ತಿರುಗಾಡಿ ಬಂದವರು ಮೊದಲು ಸೈಕಲ್ಲಿಗೆ ಸ್ನಾನ ಮಾಡಿಸುತ್ತಿದ್ದರೆಂದೂ ಆಮೇಲೆ ತಾವು ಮಾಡುತ್ತಿದ್ದರೆಂದೂ ಅವರ ಮನೆಯವರು ಹೇಳುತ್ತಿದ್ದರು. “ನನ್ನ ಪಾಳಿ ಮೂರನೇದು. ನೀರು ಉಳದ್ರ,” ಎಂದೂ ಸೇರಿಸುತ್ತಿದ್ದರು.

ಈ ಸಾಹಸದ ಉದ್ದೇಶ ಘನವಾದದ್ದು: ವಾಡಿಯಿಂದ ಚಿಂಚೋಳಿ ಕಾಡಿನವರೆಗೆ ಡಾಂಬರು ಮುಟ್ಟದೆ ಹೋಗುವುದು. ಡಾಂಬರು ರಸ್ತೆಯ ಮೇಲೆ ಸಿಮೆಂಟಿನ ಟ್ಯಾಂಕರುಗಳು, ಟ್ಯಾಂಕರುಗಳ ಹಿಂದೆ ಹೊಗೆ, ಹೊಗೆಯ ಹಿಂದೆ ಕಿಟಕಿಯಿಂದ ಉಗುಳುವ ಬಸ್ಸಿನ ಜನ. ಆದ್ದರಿಂದ ಹಳೆಯ ಕಲ್ಲುಗಣಿಗಳ ನಡುವಿನ ಬಂಡಿದಾರಿ, ಅಲ್ಲಿಂದ ಕಾಲುವೆಯ ದಂಡೆ, ಕಾಳಗಿಯ ಬದಿಯಿಂದ ಹೊಲದ ಹಾದಿ, ಕೊಡ್ಲಿ, ಚಿಮ್ಮನಚೋಡದ ಆಸುಪಾಸಿನ ಗರಸು ದಾರಿ, ಆಮೇಲೆ ಮುತ್ತುಗ ಸಾಗವಾನಿಗಳ ಕಾಡು. ನನ್ನನ್ನೂ ಎಳೆದರು. ನನ್ನದು ತಂದೆಯವರ ಕಾಲದ ಕರಿ ಸೈಕಲ್. ಅದಕ್ಕೆ ಸ್ಟ್ಯಾಂಡ್ ಇತ್ತು, ಬೇರೇನೂ ಸರಿಯಾಗಿರಲಿಲ್ಲ.

ಕಾಲುವೆಯ ದಂಡೆಯ ಬಗ್ಗೆ ಪರದೇಶದವರು ಬರೆದದ್ದನ್ನೆಲ್ಲ ಅವರು ಫೋನಿನಲ್ಲಿ ಓದಿಕೊಂಡಿದ್ದರು. ಅಲ್ಲಿ ನೀರಿನ ಪಕ್ಕ ಹೂವು, ಬಾತುಕೋಳಿ ಇರುತ್ತವಂತೆ. ನಮ್ಮಲ್ಲಿ ಬೆಳಗಿನ ಹೊತ್ತು ಕಾಲುವೆಯ ದಂಡೆಯಲ್ಲಿ ಏನಿರುತ್ತದೆಂದು ಓದುಗರಿಗೆ ತಿಳಿದಿದೆ. ಸರಕಾರ ಕಟ್ಟಿಸಿಕೊಟ್ಟ ಪಾಯಖಾನೆಗಳಲ್ಲಿ ಕುಳ್ಳು ಬೆರಣಿ ಒಟ್ಟಿರುವುದರಿಂದ ಜನ ನೀರಿನ ಚರಿಗೆ ಹಿಡಿದು ಹಳೆಯ ಕ್ಷೇತ್ರಕ್ಕೇ ನಿಷ್ಠರಾಗಿದ್ದಾರೆ. ಮೊದಲ ದಿನ ನಾವು ಹೋಗುತ್ತಿದ್ದಂತೆ ಸಾಲಾಗಿ ಕೂತವರಲ್ಲಿ ಒಬ್ಬ ಥಟ್ಟನೆ ಎದ್ದು ನಿಂತ. ಒಂದು ಕೈಯಲ್ಲಿ ಚರಿಗೆ, ಒಂದು ಕೈಯಲ್ಲಿ ಲುಂಗಿ.

“ನಮಸ್ಕಾರ್ರಿ ಸರ್ರ! ನಾ ಶರಣು, ನಿಮ್ಮ ಸ್ಟೂಡೆಂಟ್!”

ಅವರು ಬ್ರೇಕು ಹಾಕಲಿಲ್ಲ. “ಕುಂದ್ರೋ, ಕುಂದ್ರು. ಗೌರವ ಬ್ಯಾಡ,” ಎನ್ನುತ್ತ ಮುಂದೆ ಹೋದರು. ಸ್ವಲ್ಪ ದೂರ ಹೋದ ಮೇಲೆ ನನಗೆ, “ಇವಗ ನಾ ಏನ್ ಕಲಿಸಿದ್ನೋ ಏನೋ. ಎದ್ದು ನಿಲ್ಲೂದು ಕಲ್ತಾನ. ಎಲ್ಲಿ ಕುಂದ್ರಬಾರದು ಅಂಬೂದು ಕಲ್ತಿಲ್ಲ,” ಎಂದರು.

ಗುಟಖಾ ಚೀಟಿಗಳು, ಮಕ್ಕಳಿಗೆ ಕಟ್ಟಿ ಎಸೆದ ಡೈಪರುಗಳು, ಗಾಜೊಡೆದ ದೇವರ ಫೋಟೋಗಳು, ಕೋಳಿ ಅಂಗಡಿಯ ಚೀಲಗಳು, ಉಬ್ಬಿದ ನಾಯಿ. ಈ ಎಲ್ಲವನ್ನೂ ದಾಟಿ ಒಂದು ಕವಲು ಬರುತ್ತದೆ. ಎಡಕ್ಕೆ ಹೋದರೆ ಹಳೆಯ ಕಲ್ಲುಗಣಿ. ಬಲಕ್ಕೆ ತಿರುಗಿದರೆ ಊರಿನ ಕೊಳಕು ಅಲ್ಲಿಗೆ ಸೋಲುತ್ತದೆ. ದಂಡೆಯ ಎರಡೂ ಬದಿಗೆ ಬೇವು, ಜಾಲಿ, ಒತ್ತಾಗಿ ನೆರಳು, ಗಾಲಿಯ ಕೆಳಗೆ ಗರಸಿನ ಚುರುಚುರು ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕವಲಿನಿಂದ ಅನತಿ ದೂರದಲ್ಲಿ ಕಮಲಾಬಾಯಿಯ ಹೊಲ, ಹೊಲದಲ್ಲಿ ಗುಡಿಸಲು, ಗುಡಿಸಲ ಮುಂದೊಂದು ದೊಡ್ಡ ಹುಣಸೆಮರ. ಗುಡಿಸಲಿನ ಬಾಗಿಲಿಗೆ ನೀಲಿ ಬಣ್ಣ, ಒಳಗೋಡೆಯ ಮೇಲೆ ಬುದ್ಧ. ನಮ್ಮಷ್ಟೇ ವಯಸ್ಸಿನ ಹೆಂಗಸು. ಮಾತು ಮಾತ್ರ ಹರೆಯದ್ದು.

ಮೊದಲ ಸಲ ಅಲ್ಲಿ ನಿಂತಾಗ ಆಕೆ ಗಡಿಗೆಯ ನೀರು ತಂದು ಸ್ಟೀಲ್ ಗ್ಲಾಸನ್ನು ಅವರ ಮುಂದೆ ಹಿಡಿದಳು. ಅವರು ಗ್ಲಾಸನ್ನು ನೋಡಿದರು. ತೆಗೆದುಕೊಳ್ಳಲಿಲ್ಲ. ಆಕೆಯ ಮುಖದಲ್ಲಿ ನಗೆ ಹಾಗೇ ಇತ್ತು, ಆದರೆ ಕಣ್ಣು ಬದಲಾಯಿತು.

“ಯಾಕ್ರಿ ಸರ್ರ? ಹೇಸಿಗಿ ಬರ್ತದೇನ್ರಿ? ಬರ್ಲಿ ಬಿಡ್ರಿ. ನಮ್ಮ ಕೈ ನೀರಿಗಿ ಹೇಸೋ ಮಂದಿ ನಾವ್ ಭಾಳ ನೋಡೀವಿ.”

ನಾನು ಅವರ ಹೇಸಿಗೆಯನ್ನು ನೋಡಿ ನಗುತ್ತ ಬಂದವನು. ಈ ನಾಡಿನಲ್ಲಿ ಆ ಪದಕ್ಕೆ ಇನ್ನೊಂದು ಇತಿಹಾಸವಿದೆ ಎಂಬುದು ಇತಿಹಾಸ ಕಲಿಸಿದ ನನಗೂ ಆ ಹೊತ್ತಿಗೆ ಹೊಳೆದಿರಲಿಲ್ಲ. ಅವರ ಮುಖ ಕೆಂಪಾಯಿತು. ಸೈಕಲ್ಲನ್ನು, ಎಂದೂ ಎಲ್ಲೂ ಒರಗಿಸದ ಆ ಸೈಕಲ್ಲನ್ನು, ಆಕೆಯ ಹುಣಸೆಮರಕ್ಕೆ ಒರಗಿಸಿದರು.

“ತಾಯಿ, ನಿಮ್ಮ ಕೈಗಿ ಅಲ್ಲ. ಆ ಗ್ಲಾಸಿನ ಅಂಚಿಗಿ ಚಾದ ಕಲಿ ಅದ. ನಮ್ಮವ್ವ ಕೊಟ್ಟಿದ್ರೂ ನಾ ಕುಡೀತಿದ್ದಿಲ್ಲ. ಬೂದಿ ಎಲ್ಲದ?”

ಒಲೆಯ ಬೂದಿ ತೆಗೆದುಕೊಂಡು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಗ್ಲಾಸನ್ನು ತಿಕ್ಕಿದರು. ಅದೊಂದೇ ಅಲ್ಲ, ಒಳಗಿದ್ದ ಇನ್ನೊಂದು ಗ್ಲಾಸನ್ನೂ ಕೇಳಿ ಪಡೆದು ತಿಕ್ಕಿದರು. ಎರಡಕ್ಕೂ ನೀರು ತುಂಬಿ ಒಂದನ್ನು ಆಕೆಯ ಕೈಗಿಟ್ಟರು. “ಇದು ನಿಮಗ. ಹೊಲಸ ಗ್ಲಾಸಿನಾಗ ನೀವರೆ ಯಾಕ ಕುಡೀತೀರಿ?” ತಮ್ಮದನ್ನು ಒಂದೇ ಉಸಿರಿಗೆ ಕುಡಿದರು. ಆಕೆ ಗ್ಲಾಸು ಹಿಡಿದುಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, “ಇದು ರೋಗ ಅದರಿ ಇವರಿಗಿ,” ಎಂದಳು. ಆಮೇಲೆ ನಕ್ಕಳು, ನೀರು ಚೆಲ್ಲುವಷ್ಟು.

ಅಂದಿನಿಂದ ಹುಣಸೆಮರದ ಬುಡದಲ್ಲಿ ಎರಡು ಗ್ಲಾಸುಗಳು ಬೂದಿಯಲ್ಲಿ ಮಿಂದು ಬೋರಲು ಬಿದ್ದಿರುತ್ತಿದ್ದವು. ಅವರು ಪ್ರತಿ ಸಲ ಗ್ಲಾಸನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುತ್ತಿದ್ದರು. ಆಕೆ ಪ್ರತಿ ಸಲ “ಹುಡಕ್ರಿ, ಹುಡಕ್ರಿ, ಸಿಕ್ರ ನನಗೂ ತೋರಸ್ರಿ” ಎನ್ನುತ್ತಿದ್ದಳು. ನನಗೆ ಮಾತ್ರ ಹೊರಗಿನವರಿಗಿಡುವ ಪ್ಲಾಸ್ಟಿಕ್ ಚೊಂಬು. ನನ್ನ ಮೂಗು ಮೊದಲೇ ರಾಜೀನಾಮೆ ಕೊಟ್ಟಿತ್ತಲ್ಲ.

ಒಮ್ಮೆ ಮಾತ್ರ ನಾವು ಪೂರ್ತಿ ದಾರಿಯನ್ನು, ನಡುವೆ ಕಾಳಗಿಯಲ್ಲಿ ಉಳಿದುಕೊಂಡು, ಚಿಂಚೋಳಿ ಕಾಡಿನೊಳಗಿನ ಕೆರೆಯವರೆಗೆ ಮುಗಿಸಿದೆವು. ಕರಿ ಮಣ್ಣು ಕೆಂಪಾಯಿತು, ಮುತ್ತುಗದ ಒಣ ಎಲೆಗಳು ಗಾಲಿಗೆ ಸಿಕ್ಕು ಹಪ್ಪಳದಂತೆ ಮುರಿದವು. ಕೆರೆಯ ದಂಡೆಯಲ್ಲಿ ಅವರು ಬಹಳ ಹೊತ್ತು ಕೂತರು. ಕರವಸ್ತ್ರ ಕೈಯಲ್ಲೇ ಇತ್ತು. ಅತ್ತ ಇತ್ತ ನೋಡಿ, ತುಸು ನಿರಾಶರಾದವರಂತೆ, “ಹೇಸಿಗಿ ಏನೂ ಕಾಣವಲ್ದಲ್ರಿ,” ಎಂದರು. ಅವರ ಬಾಯಿಂದ ನಾನು ಕೇಳಿದ ಅತ್ಯುನ್ನತ ಹೊಗಳಿಕೆ ಅದು. ಕಾಲೇಜಿಗೆ, ಸರಕಾರಕ್ಕೆ, ನನಗೆ, ಯಾರಿಗೂ ಅವರು ಅದನ್ನು ದಯಪಾಲಿಸಿದವರಲ್ಲ.

ಇನ್ನು ಬಾಣಗಳ ಕತೆ. ನಾನು ಹಿಂದೆ ಬೀಳುತ್ತಿದ್ದೆ. ಕವಲುಗಳಲ್ಲಿ ದಾರಿ ತಪ್ಪುತ್ತಿದ್ದೆ. ಅವರು ಅದಕ್ಕೊಂದು ಉಪಾಯ ಮಾಡಿದರು. ನಮ್ಮಲ್ಲಿ ಹೊಲದ ಬೇಲಿಗೆ ಫರ್ಸಿಕಲ್ಲುಗಳನ್ನೇ ನಿಲ್ಲಿಸುತ್ತಾರಲ್ಲ, ತಿರುವಿನ ಕಲ್ಲುಗಳ ಮೇಲೆ ಹಳದಿ ಬಣ್ಣದಲ್ಲಿ ಒಂದು ಗೇಣಿನ ಬಾಣ ಬರೆದರು. ಅಂಚು ನೀಟಾಗಿ, ಪಾಠದ ಬೋರ್ಡಿನ ಮೇಲಿನ ಬಾಣದಂತೆ. ಅದು ಸ್ನೇಹ. ಆದರೆ ಸಿಮೆಂಟಿನ ಸೀಮೆಯಲ್ಲಿ ಕಲ್ಲಿನ ಮೇಲೆ ಬಣ್ಣ ಕಂಡರೆ ಜನ ಸ್ನೇಹವೆಂದು ಓದುವುದಿಲ್ಲ.

ಇಲ್ಲಿ ನೆಲದ ಕೆಳಗೆ ಸುಣ್ಣಕಲ್ಲು. ಯಾರೋ ಪ್ಯಾಂಟು ಹಾಕಿದವರು ಬರುತ್ತಾರೆ, ಕಲ್ಲಿಗೆ ಬಣ್ಣ ಬಳಿಯುತ್ತಾರೆ, ಕೆಲವು ವರ್ಷಗಳಲ್ಲಿ ಹೊಲ ಇದ್ದಲ್ಲಿ ಹೊಂಡ ಇರುತ್ತದೆ. ಇದು ಎಲ್ಲರೂ ಕಂಡದ್ದು. ಹಾಗಾಗಿ ಕಾಲುವೆಯ ಬದಿಗೆ ಹಳದಿ ಬಾಣಗಳು ಕಾಣಿಸಿಕೊಂಡ ವಾರದಲ್ಲೇ, ಸಿಮೆಂಟು ಕಂಪನಿ ಬರಲಿಕ್ಕತ್ತದ ಎಂಬ ಸುದ್ದಿ ಬಂತು. ಒಂದು ದಂಡೆಯವರು, ಕಂಪನಿ ಬಂದರೆ ಮರ ಅದರ ಪಾಲಾಗುತ್ತದೆ ಎಂದು ಬೇವಿನ ಮರಗಳನ್ನು ಕಡಿದು ಮಾರತೊಡಗಿದರು. ಎದುರು ದಂಡೆಯವರು, ಮರವಿದ್ದರೆ ಪರಿಹಾರ ಹೆಚ್ಚು ಎಂದು ಪಪ್ಪಾಯಿ ಸಸಿಗಳನ್ನು ಒತ್ತೊತ್ತಾಗಿ ನೆಟ್ಟು, ತಗಡಿನ ಶೆಡ್ಡು ನಿಲ್ಲಿಸಿದರು. ಕಡಿದವರಿಗೂ ನೆಟ್ಟವರಿಗೂ ಸ್ಫೂರ್ತಿ ನನ್ನ ಮಿತ್ರರ ಬಾಣವೇ. ಆ ನೆರಳಿನ ದಾರಿ ನಮ್ಮ ಕಣ್ಣೆದುರಿಗೇ ಬೋಳಾಗುತ್ತ ಬಂತು.

ಶರಣು ಕಮಲಾಬಾಯಿಯ ಹೊಲಕ್ಕೆ ಬೈಕು ಹತ್ತಿಸಿಕೊಂಡು ಬರತೊಡಗಿದ. ಒಂದು ದಿನ ನಾವಿದ್ದಾಗಲೇ ಬಂದ.

“ಕಮಲಾಬಾಯಿ, ಕಂಪನಿ ಅಂತೂ ತಗೋತದ. ಅವರು ಕೊಟ್ಟಿದ್ದು ನಿನ್ನ ಕೈಗಿ ಬರಾದು ಯಾವ ಕಾಲಕ್ಕೋ. ನನಗೀಗ ಕೊಟ್ಟುಬಿಡು, ಚಿಂತಿ ಇಲ್ಲ. ಬೇಕಂದ್ರ ಸರ್‌ನ ಕೇಳು, ಬಾಣ ಬರದವರೇ ಇಲ್ಲಿ ಕುಂತಾರ.”

“ಹುಚ್ಚಾ, ಅದು ಸೈಕಲ್ಲಿಗಿ ಬರದಿದ್ದೋ!” ಎಂದರು ಅವರು.

ಶರಣು ಕಣ್ಣು ಹೊಡೆದ. “ಇರ್ಲಿ ಬಿಡ್ರಿ ಸರ್ರ. ಈ ವಯಸ್ಸಿನಾಗ ಯಾರರೆ ಸುಮ್‌ಸುಮ್ನ ಸೈಕಲ್ ಹೊಡ್ಯಾಕ ಬಣ್ಣ ಹಚ್ತಾರೇನ್ರಿ? ಯಾವ ಕಂಪನಿ ಅಂತ ನನಗಷ್ಟ ಹೇಳ್ರಿ, ಯಾರಿಗೂ ಹೇಳಂಗಿಲ್ಲ.”

ಅವನು ಹೋದ ಮೇಲೆ ಕಮಲಾಬಾಯಿ ನಗಲಿಲ್ಲ. “ಸರ್ರ, ಖರೇ ಹೇಳ್ರಿ. ಈ ಹೊಲ ನಮ್ಮತ್ತಿ ಕೂಲಿ ಮಾಡಿ ತಗೊಂಡಿದ್ದು. ನಿಮ್ಮ ಬಣ್ಣದ ಕಾಲಾಗ ಇದು ಹೋಗ್ತದೇನ್ರಿ?”

ಅವರು ಆ ದಿನ ಗ್ಲಾಸಿನಲ್ಲಿ ತಪ್ಪು ಹುಡುಕಲಿಲ್ಲ. ಮರುದಿನವೇ ಪಂಚಾಯಿತಿಗೆ ಹೋಗಿ ತಮ್ಮ ಬಾಣ, ತಮ್ಮ ಬಣ್ಣ, ತಮ್ಮ ಸೈಕಲ್ ಎಂದು ಹೇಳಿದರು. ಅಲ್ಲಿದ್ದವರು ಚಹಾ ಕುಡಿಸಿ, ಒಂದು ಮಾತನ್ನೂ ನಂಬದೆ ಕಳುಹಿಸಿದರು. ಆ ಚಹಾದ ಗ್ಲಾಸಿನ ಬಗ್ಗೆಯೂ ಅವರು ಏನೂ ಅನ್ನಲಿಲ್ಲವಾದ್ದರಿಂದ ಮನಸ್ಸು ಎಷ್ಟು ಕೆಟ್ಟಿದೆಯೆಂದು ನನಗೆ ತಿಳಿಯಿತು. ಆಮೇಲೆ ಉಸುಕಿನ ಕಾಗದ ಹಿಡಿದು ಬಾಣಗಳನ್ನು ಉಜ್ಜಿ ಅಳಿಸಿದರು. ಸುದ್ದಿ ಇನ್ನೂ ಗಟ್ಟಿಯಾಯಿತು. “ಗುರ್ತು ಅಳಸ್ಯಾರ ಅಂದ ಮ್ಯಾಲ ಖಾತ್ರಿ ಆತು ಬಿಡ್ರಿ. ಒಳಗಿಂದೊಳಗ ನಡದದ,” ಎಂದು ವಾಡಿಯ ಕ್ಷೌರದಂಗಡಿಯಲ್ಲಿ ನನಗೇ ಹೇಳಿದರು.

ಸತ್ಯ ಹೇಳಿದರೆ ನಂಬುವುದಿಲ್ಲ, ಅಳಿಸಿದರೆ ಹೆಚ್ಚು ನಂಬುತ್ತಾರೆ. ಇಂಥ ಜನರ ನಡುವೆ ರಸಾಯನಶಾಸ್ತ್ರಜ್ಞ ಏನು ಮಾಡಬೇಕು? ಅವರು ಕೆಲವು ದಿನ ನನ್ನನ್ನು ಕರೆಯದೆ ಒಬ್ಬರೇ ಹೋದರು. ಮುಂದೆ ನಾನು ಜೊತೆಯಾದಾಗ ಕವಲಿನ ಕಲ್ಲಿನ ಮೇಲೆ ಹೊಸ ಹಳದಿ ಬಾಣವಿತ್ತು. ಹಳೆಯದಕ್ಕಿಂತ ದೊಡ್ಡದು, ಹೊಳೆಯುವಂಥದ್ದು. ಎಡಕ್ಕೆ ತಿರುಗಿತ್ತು.

“ಇದು ಎಲ್ಲಿಗಿ ಹೋಗ್ತದರಿ?” ಎಂದೆ.

“ನೀವು ಹೋಗಬ್ಯಾಡ್ರಿ. ಬೂಟು ಹಾಳಾಗ್ತಾವ.”

“ಅಂದ್ರ ಸುಳ್ಳು ಬರದೀರಿ?”

“ಸುಳ್ಳ್ಯಾಕ ಬರೀಲಿ? ನಾ ಬಾಣ ಬರದೀನಿ, ಅಷ್ಟ. ಮುಂದಿಂದು ಅವರವರ ಮೂಗಿಗಿ ಬಿಟ್ಟಿದ್ದು.”

ಸುದ್ದಿ ಬಾಣದ ಹಿಂದೆ ಎಡಕ್ಕೆ ಹೋಯಿತು. ಕೊಡಲಿ, ಪಪ್ಪಾಯಿ, ತಗಡು ಎಲ್ಲವೂ ಅದರ ಹಿಂದೆ ಹೋದವು. ಶರಣು ಅಲ್ಲಿ ಜಮೀನು ಕೊಂಡನೆಂದು ಕೇಳಿದೆವು. ಹೊಲವನ್ನು ತುಳಿದು ನೋಡಿ ಕೊಳ್ಳುವುದು ರೈತರ ಪದ್ಧತಿ. ಶರಣು ಬಾಣ ನೋಡಿ, ದೂರದಿಂದ ಕೈ ತೋರಿಸಿ ಕೊಂಡಿದ್ದ. ಕಮಲಾಬಾಯಿಯ ಹೊಲದ ಕಡೆ ಅವನ ಬೈಕು ಬರುವುದು ನಿಂತಿತು. ಬಲದ ದಾರಿಯಲ್ಲಿ ಉಳಿದ ಬೇವುಗಳು ಉಳಿದವು, ಕಡಿದವು ಬುಡದಲ್ಲಿ ಚಿಗುರಿದವು.

ಅವರು ತೀರಿಕೊಂಡದ್ದು ಈ ಬೇಸಿಗೆಯ ಆರಂಭದಲ್ಲಿ, ಮನೆಯಲ್ಲಿ, ಹೃದಯ ನಿಂತು. ಸೈಕಲ್ಲಿಗೆ ಸ್ನಾನವಾಗಿತ್ತು. ಅವರ ಪಾಳಿ ಬಂದಿರಲಿಲ್ಲ.

ಇನ್ನು ಜಾಥಾಕ್ಕೆ ಮರಳೋಣ. ಕವಲಿಗೆ ಬಂದೆವು. ಶಾಲು ಹೊದ್ದ ನಾನು ಮುಂದೆ, ನನ್ನ ಹಿಂದೆ ಶರಣು, ಅವನ ಹಿಂದೆ ಸೈಕಲ್ಲಿಗಿಂತ ಹೆಚ್ಚು ಮೋಟಾರು ಬೈಕುಗಳ ಸೈಕಲ್ ಜಾಥಾ. ಹಳದಿ ಬಾಣ ಎಡಕ್ಕೆ ಹೊಳೆಯುತ್ತಿತ್ತು. ಬಲಕ್ಕೆ ತಿರುಗುವ ದಾರಿಯ ಕಲ್ಲಿನ ಮೇಲೆ ಉಜ್ಜಿದ ಮಬ್ಬು ಗುರುತು ನನ್ನೊಬ್ಬನ ಕಣ್ಣಿಗೆ ಕಂಡಿತು. ನಾನು ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದೆ.

ಬಾಣ ಮುಗಿದದ್ದು ಹಳೆಯ ಕಲ್ಲುಗಣಿಯ ಹೊಂಡದ ಅಂಚಿನಲ್ಲಿ. ಸುತ್ತಲಿನ ಫರ್ಸಿ ಪಾಲಿಶ್ ಘಟಕಗಳ ಬಿಳಿ ರಾಡಿಯನ್ನೆಲ್ಲ ಟ್ಯಾಂಕರಿನಲ್ಲಿ ತಂದು ಸುರಿಯುವ ಜಾಗ. ರಾಡಿಯ ಮೇಲೆ ಕೋಳಿ ಅಂಗಡಿಗಳ ಕಾಣಿಕೆ, ಅದರ ಮೇಲೆ ನೊಣಗಳ ಮೋಡ, ನಡುವೆ ಸತ್ತ ಎಮ್ಮೆಯೊಂದರ ಉಬ್ಬಿದ ಹೊಟ್ಟೆ. ನಾನು ಕರವಸ್ತ್ರ ತೆಗೆದು ಮೂಗಿಗೆ ಹಿಡಿದೆ. ಎಷ್ಟೋ ವರ್ಷಗಳ ಮೇಲೆ ನನಗೆ ವಾಸನೆ ಬಂದಿತ್ತು.

ಈಗ ಇವರಿಗೆ ಗೊತ್ತಾಗುತ್ತದೆ, ಈಗ ಬೈಯುತ್ತಾರೆ, ಈಗ ತಿರುಗುತ್ತಾರೆ ಎಂದು ಕಾದೆ. ತಿರುಗಿ ಬಲಕ್ಕೆ ಹೋದರೆ ಎಲ್ಲವೂ ಮುಗಿದಂತೆ.

“ವಾಹ್!” ಎಂದ ಒಬ್ಬ, ಫೋನು ಎತ್ತಿ. “ಹಾಲಿನ ಕೆರಿ ಕಂಡಂಗ ಕಾಣ್ತದ. ರೀಲ್ಸಿಗಿ ಭಾಳ ಚಲೋ ಬರ್ತದ್ರಿ.”

“ಎಮ್ಮಿ ಬರದಂಗ ತಗಿಯಪ,” ಎಂದ ಇನ್ನೊಬ್ಬ.

ಶರಣು ಸುತ್ತ ನೋಡಿದ. ತಾನು ಕೈ ತೋರಿಸಿ ಕೊಂಡ ಜಮೀನಿನ ಒಳಮೈಯನ್ನು ಅವನು ಕಂಡದ್ದು ಆಗಲೇ. ಮುಖ ಒಂದು ಕ್ಷಣ ಆ ರಾಡಿಯ ಬಣ್ಣಕ್ಕೆ ಇಳಿಯಿತು. ಮರುಕ್ಷಣ ಲೆಕ್ಕ ಹಾಕಿದ್ದು ಕಣ್ಣಲ್ಲಿ ಕಾಣಿಸಿತು: ಟೈಲ್ಸು, ಲೈಟು, ಪಕ್ಕದಲ್ಲೇ ತನ್ನ ಜಮೀನು. ಮೈಕು ತೆಗೆದುಕೊಂಡು, ಮೃತರಿಗೆ ಅತ್ಯಂತ ಪ್ರಿಯವಾದ ತಾಣ ಇದೆಂದೂ, ದಿನವೂ ಇಲ್ಲಿ ಬಂದು ಧ್ಯಾನಿಸುತ್ತಿದ್ದರೆಂದೂ ಸಾರಿದ. ಹೇಳಿ ನನ್ನ ಕಡೆ ತಿರುಗಿದ.

“ಅವರು ಇಲ್ಲೇ ಬರ್ತಿದ್ರಲ್ರಿ ಸರ್ರ?”

ಎಲ್ಲರೂ ನನ್ನನ್ನು ನೋಡಿದರು. ಒಬ್ಬ ಮಿರ್ಚಿ ಭಜಿ ಅಗಿಯುತ್ತಲೇ ಇದ್ದ. ಆ ವಾಸನೆಯಲ್ಲಿ ನಿಂತು ಅಗಿಯುತ್ತಿದ್ದ. ನನ್ನ ಕೈ ತಾನಾಗಿ ಮೂಗಿನ ಮೇಲಿಂದ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟಿತು.

“ಬಾಣ ಇಲ್ಲಿಗೇ ಬಂದದಲ್ಲಪ,” ಎಂದೆ.

ಚಪ್ಪಾಳೆ ಬಿತ್ತು.

ಗದ್ದಲ ಕರಗಿದ ಮೇಲೆ ಶಾಲನ್ನು ಜಾಲಿಯ ಮುಳ್ಳಿಗೆ ಸಿಕ್ಕಿಸಿ ನಾನು ಕವಲಿಗೆ ಮರಳಿ ಬಲಕ್ಕೆ ತಿರುಗಿದೆ. ಬೇವಿನ ನೆರಳು, ಗರಸಿನ ಸದ್ದು. ಕಮಲಾಬಾಯಿ ಹುಣಸೆಮರದ ಕೆಳಗೆ ಕೂತಿದ್ದಳು. ಮೈಕಿನ ಸದ್ದು ಅಲ್ಲಿಯವರೆಗೂ ಬಂದಿರಬೇಕು.

“ಮುಗೀತೇನ್ರಿ ಅವರ ಹಬ್ಬ? ಈ ಕಡಿ ಬರ್ತಾರೇನ್ರಿ?”

“ಬರಂಗಿಲ್ಲ. ಅವರಿಗಿ ಅಲ್ಲೇ ಭಾಳ ಹಿಡಿಸ್ಯಾದ.”

ಆಕೆ ಎದ್ದು ನನಗೆಂದು ಪ್ಲಾಸ್ಟಿಕ್ ಚೊಂಬಿನಲ್ಲಿ ನೀರು ತಂದಳು. ಚೊಂಬಿನ ಒಳಗೆ ಹಸಿರು ಪಾಚಿಯ ಒಂದು ಗೆರೆಯಿತ್ತು. ಅದು ಯಾವಾಗಲೂ ಇದ್ದಿರಬೇಕು. ನಾನು ಚೊಂಬನ್ನು ಕೆಳಗಿಟ್ಟು, ಮರದ ಬುಡದಲ್ಲಿ ಬೋರಲಾಗಿದ್ದ ಎರಡು ಗ್ಲಾಸುಗಳಲ್ಲಿ ಒಂದನ್ನೆತ್ತಿ ಬೆಳಕಿಗೆ ಹಿಡಿದೆ. ಅಂಚಿಗೆ ಧೂಳು ಕೂತಿತ್ತು.

“ಬೂದಿ ಎಲ್ಲದ?” ಎಂದೆ.

“ಅಯ್ಯಯ್ಯ,” ಎಂದಳು ಕಮಲಾಬಾಯಿ. “ನಿಮಗೂ ಹತ್ತಿತೇನ್ರಿ ಸರ್ರ ಆ ರೋಗ?”

ನಾನು ಕುಕ್ಕರಗಾಲಿನಲ್ಲಿ ಕೂತು ಎರಡೂ ಗ್ಲಾಸುಗಳನ್ನು ತಿಕ್ಕಿದೆ. ಒಂದನ್ನು ತುಂಬಿ ಆಕೆಯ ಕೈಗಿಟ್ಟೆ. ಇನ್ನೊಂದನ್ನು ಒರೆಸಿ, ಇದ್ದ ಜಾಗದಲ್ಲೇ ಬೋರಲು ಹಾಕಿ, ನಾನು ಬೊಗಸೆಯಲ್ಲಿ ಕುಡಿದೆ.